ಭಾವನ ಮುಷ್ಟಿ

ಮಾರ್ಚ್ ೩, ಸೋಮವಾರ

ಇವತ್ತು ತೀರ್ಪು ಬಂತು. ಎರಡು ವರ್ಷ ನಾನು ಡ್ರೋನ್ ಹಾರಿಸುವ ಹಾಗಿಲ್ಲ. ಲೈಸೆನ್ಸ್ ಕಾರ್ಡು ಮೇಜಿನ ಮೇಲಿಡಿ ಅಂದರು, ಇಟ್ಟೆ. ಕನ್ನಡಕದ ಅಧಿಕಾರಿಯಮ್ಮ ಅದಕ್ಕೊಂದು ತೂತು ಹೊಡೆದು ಡ್ರಾಯರಿಗೆ ಹಾಕಿಕೊಂಡರು. ಒಂಬತ್ತು ವರ್ಷದ ನನ್ನ ಕೆಲಸ ಅಷ್ಟಕ್ಕೇ ಮುಗಿಯಿತು.

ಬಾಯಿ ಬಿಟ್ಟು ಹೇಳಿದರೂ ಯಾರೂ ನಂಬದ್ದನ್ನು ಇಲ್ಲಿ ಬರೆಯುತ್ತೇನೆ. ಆವತ್ತು ಚಿಮಣಿಯ ಹತ್ತಿರ ಗ್ಲೌಸು ಹಾಕಿಕೊಂಡಿದ್ದು ನಾನಲ್ಲ, ಭಾವ. ನನ್ನ ಒಡಹುಟ್ಟಿದ ಅಕ್ಕನ ಗಂಡ, ನಮ್ಮ ಕಂಪನಿಯ ಯಜಮಾನ. ಎದುರಿಗಿದ್ದಾಗ ‘ಭಾವಾ, ಬನ್ನಿ, ಕೂತ್ಕೊಳ್ಳಿ’ ಎಲ್ಲ ಇದ್ದೇ ಇದೆ. ಈ ಪುಸ್ತಕದೊಳಗೆ ಮಾತ್ರ ಅವನಿಗೆ ಬಹುವಚನ ಇಲ್ಲ.

ಎತ್ತರದ ಚಿಮಣಿ, ನೀರಿನ ಟ್ಯಾಂಕು, ಸೇತುವೆಗಳಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಎಂದು ಡ್ರೋನ್ ಕಳಿಸಿ ನೋಡಿ ಹೇಳುವುದು ನಮ್ಮ ಕೆಲಸ. ನಮ್ಮಲ್ಲಿ ರಿಮೋಟಿಲ್ಲ. ಬೆರಳು ಬೆರಳಿಗೂ ಸೆನ್ಸರ್ ಇರುವ ಗ್ಲೌಸು ಹಾಕಿಕೊಂಡು ಕೈಸನ್ನೆಯಲ್ಲೇ ಹಾರಿಸುತ್ತೇವೆ. ಅಂಗೈ ಎತ್ತಿದರೆ ಏರುತ್ತದೆ, ತಗ್ಗಿಸಿದರೆ ಇಳಿಯುತ್ತದೆ. ತೋರುಬೆರಳು, ನಡುಬೆರಳು ಎರಡನ್ನೇ ಮಡಚಿದರೆ ಮುಂದಕ್ಕೆ ಹೋಗುತ್ತದೆ. ಮುಷ್ಟಿ ಕಟ್ಟಿದರೆ ನಿಲ್ಲುತ್ತದೆ. ಆದರೆ ಒಬ್ಬರ ಕೈಯಂತೆ ಇನ್ನೊಬ್ಬರ ಕೈ ಇರುವುದಿಲ್ಲ. ಅದಕ್ಕೇ ಪ್ರತಿಯೊಬ್ಬರೂ ಒಂದೊಂದು ಸನ್ನೆಯನ್ನು ಇನ್ನೂರು ಸಲ ಮಾಡಿ ಗ್ಲೌಸಿಗೆ ತಮ್ಮ ಕೈ ಕಲಿಸಬೇಕು. ಅದಕ್ಕೆ ನಾವು ‘ಕೈ ಫೈಲು’ ಅನ್ನುತ್ತೇವೆ. ಭಾವ ತನ್ನ ಕೈ ಕಲಿಸಿದವನೇ ಅಲ್ಲ. ‘ನನಗೆಲ್ಲಿ ಪುರುಸೊತ್ತು’ ಎಂದು ಯಾವಾಗಲೂ ನನ್ನ ಫೈಲಿನ ಮೇಲೇ ಹಾರಿಸುತ್ತಿದ್ದ.

ಆವತ್ತೂ ಹಾಗೇ. ಚಿಮಣಿಗೆ ಬಣ್ಣ ಹೊಡೆಯುವವನು ಹಗ್ಗದಲ್ಲಿ ತೂಗುತ್ತಿದ್ದ. ನಾನು ನಿಧಾನಕ್ಕೆ ಹತ್ತಿರ ಒಯ್ಯುತ್ತಿದ್ದೆ. ‘ತಾ ಇಲ್ಲಿ, ಒಳ್ಳೆ ಇರುವೆ ನಡೆದಂಗೆ ಹಾರಿಸ್ತೀಯ’ ಎಂದು ಗ್ಲೌಸು ಕಿತ್ತುಕೊಂಡ. ಅರೆಗಳಿಗೆಯಲ್ಲಿ ಡ್ರೋನ್ ಬಣ್ಣದವನ ಹೆಗಲಿಗೆ ನುಗ್ಗಿತು. ಹಗ್ಗ ಜಾರಿ ಅವನು ಕೆಳಗಿನ ಅಟ್ಟಣಿಗೆಯ ಮೇಲೆ ಬಿದ್ದ. ಸೊಂಟದ ಮೂಳೆ ಮುರಿಯಿತು.

ದಾಖಲೆಯಲ್ಲಿ ನನ್ನ ಹೆಸರು. ಫೈಲು ನನ್ನದಲ್ಲವೇ! ವಿಚಾರಣೆಯಲ್ಲಿ ನಿಜ ಹೇಳಿದೆ. ಭಾವ ಎದೆಯ ಮೇಲೆ ಕೈಯಿಟ್ಟುಕೊಂಡು, ‘ಅವಳೇ ಹಾರಿಸ್ತಿದ್ದಳು ಮೇಡಂ. ಚಿಕ್ಕವಳು, ಗಾಬರಿಗೆ ಏನೋ ಹೇಳ್ತಿದ್ದಾಳೆ, ಕ್ಷಮಿಸಿಬಿಡಿ’ ಅಂದ. ಅವನು ಸುಳ್ಳು ಹೇಳಿದ್ದಕ್ಕಿಂತ ನನ್ನ ಪರವಾಗಿ ಕ್ಷಮೆ ಕೇಳಿದನಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತಿದೆ.

ಇವನನ್ನು ಬಿಡುವುದಿಲ್ಲ.

ಮಾರ್ಚ್ ೫, ಬುಧವಾರ

ನಾನಿರುವುದು ಅವರ ಮನೆಯ ಮೇಲಿನ ರೂಮಿನಲ್ಲಿ. ಊಟವೂ ಅವರ ಮೇಜಿನಲ್ಲೇ. ಶತ್ರುವಿನ ಜೊತೆ ಉಪ್ಪಿನ ಡಬ್ಬಿ ಹಂಚಿಕೊಳ್ಳುವ ಸುಖ ಎಲ್ಲರಿಗೂ ಸಿಗುವುದಿಲ್ಲ.

ಸಂಜೆ ಅಕ್ಕ ಚಹಾ ತಂದಳು. ‘ಎರಡು ವರ್ಷ ಕಣ್ಮುಚ್ಚಿ ಬಿಡೋದ್ರೊಳಗೆ ಹೋಗುತ್ತೆ ಕಣೇ. ಕಂಪನಿ ಮುಚ್ಚಿಹೋದ್ರೆ ನಮ್ಮೆಲ್ಲರ ಗತಿ ಏನು ಹೇಳು’ ಅಂದಳು.

‘ಅಕ್ಕಾ, ಅದು ಯಾರ ಕೈ ಅಂತ ನಿನಗೆ ಗೊತ್ತಾ?’

ಅವಳು ಸೆರಗಿನಿಂದ ಲೋಟದ ಅಂಚು ಒರೆಸಿದಳು. ‘ನನಗೆ ಏನನ್ನೂ ಗೊತ್ತು ಮಾಡ್ಬೇಡ. ನಾನು ಈ ಮನೇಲಿ ಇರಬೇಕು’ ಅಂದಳು.

ಅಷ್ಟರಲ್ಲಿ ಕೆಳಗಿನಿಂದ ಚಿಟಿಕೆ ಕೇಳಿಸಿತು. ಅವನು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಚಿಟಿಕೆ ಹೊಡೆಯುತ್ತಾನೆ. ಊಟಕ್ಕೆ ಕೂತರೆ ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟುತ್ತಾನೆ, ಹಾಗೆಂದರೆ ಇನ್ನಷ್ಟು ಬಡಿಸು ಎಂದರ್ಥ. ಹದಿನಾರು ವರ್ಷದಿಂದ ಅಕ್ಕ ಎರಡನೇ ಸಲ ಕುಟ್ಟುವುದರೊಳಗೆ ಎದ್ದಿರುತ್ತಾಳೆ. ಈಗಲೂ ಚಹಾ ಅರ್ಧಕ್ಕೇ ಬಿಟ್ಟು ಓಡಿದಳು. ಅವಳ ಪಾಲಿನದನ್ನೂ ಸೇರಿಸಿ ತೀರಿಸುತ್ತೇನೆ.

ಮಾರ್ಚ್ ೧೪, ಶುಕ್ರವಾರ

ಆಸ್ಪತ್ರೆಗೆ ಹೋಗಿದ್ದೆ. ಬಣ್ಣದವನು ಮಂಚದಲ್ಲಿ ಅಂಗಾತ ಮಲಗಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣ ಇತ್ತು. ಬೈಯುತ್ತಾನೆ, ಬೈಯಲಿ ಎಂದುಕೊಂಡೇ ಹೋಗಿದ್ದೆ.

‘ನಿಮ್ಮ ಮೇಲೆ ನನಗೆ ಕೋಪ ಇಲ್ಲ ಮೇಡಂ. ಕೈ ತಪ್ಪೋದು ಯಾರಿಗಿಲ್ಲ? ನಾನೂ ಒಂದ್ಸಲ ತುಂಬಿದ ಬಣ್ಣದ ಡಬ್ಬ ನಮ್ಮ ಮೇಸ್ತ್ರಿ ತಲೆ ಮೇಲೆ ಬೀಳಿಸಿದ್ದೆ. ಮೂರು ದಿನ ಹಸಿರಾಗಿದ್ದ’ ಎಂದು ನಕ್ಕ. ನಕ್ಕಿದ್ದಕ್ಕೆ ಸೊಂಟ ಹಿಡಿದುಕೊಂಡಿತು, ಹಲ್ಲು ಕಚ್ಚಿದ.

ಆವತ್ತು ಚಿಮಣಿಯ ಕಡೆ ಮುಖ ಮಾಡಿದ್ದರಿಂದ ಯಾರ ಕೈಯಲ್ಲಿ ಗ್ಲೌಸಿತ್ತು ಎಂದು ಅವನು ನೋಡಿಲ್ಲ. ನಾನೇ ಎಂದು ನಂಬಿ, ನಂಬಿಯೂ ಕ್ಷಮಿಸಿದ್ದಾನೆ. ಮಾಡದ ತಪ್ಪಿಗೆ ಸಿಕ್ಕಿದ ಕ್ಷಮೆಯನ್ನು ಏನು ಮಾಡುವುದು? ಪ್ರತಿ ಶುಕ್ರವಾರ ಬರುತ್ತೇನೆ ಎಂದು ಮಾತು ಕೊಟ್ಟೆ. ಅದು ಯಾರ ಕೈ ಎಂದು ಇವನಿಗೆ ಗೊತ್ತಾಗಲೇಬೇಕು. ಮೊದಲು ಇವನಿಗೆ, ಆಮೇಲೆ ಊರಿಗೆ.

ಮಾರ್ಚ್ ೨೨, ಶನಿವಾರ

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹೊಸ ನಿಯಮ ಬಂದಿದೆ. ಇನ್ನು ಮೇಲೆ ಗ್ಲೌಸು ಹಾಕಿಕೊಂಡ ಕೂಡಲೇ ಅದೇ ನಮ್ಮ ಕೈಯನ್ನು ಪರೀಕ್ಷೆ ಮಾಡುತ್ತದೆ. ಐದು ಸನ್ನೆ ಮಾಡಿ ತೋರಿಸಬೇಕು. ಫೈಲಿನ ಕೈಗೂ ಹಾಕಿಕೊಂಡ ಕೈಗೂ ನೂರಕ್ಕೆ ತೊಂಬತ್ತು ಹೊಂದಿದರೆ ಮಾತ್ರ ಡ್ರೋನ್ ಮೇಲೇಳುತ್ತದೆ. ಈ ನಿಯಮ ಎರಡು ತಿಂಗಳ ಹಿಂದೆ ಇದ್ದಿದ್ದರೆ ಬಣ್ಣದವನು ಈಗ ಹಗ್ಗದ ಮೇಲೇ ಇರುತ್ತಿದ್ದ.

ಹಾಗಾಗಿ ಭಾವನೂ ಈಗ ಕೈ ಕಲಿಸಲೇಬೇಕು. ಪಕ್ಕದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಗುರುತು ಹಾಕುವ ಕೆಲಸ ಯಾರಿಗೆ? ಲೈಸೆನ್ಸ್ ಕಳೆದುಕೊಂಡು ವರ್ಕ್‌ಶಾಪಿನಲ್ಲಿ ಪ್ರೊಪೆಲ್ಲರ್ ಒರೆಸುತ್ತಿರುವ ನಾದಿನಿಗೆ!

‘ನೋಡು, ನಿನ್ನ ಕೈ ಬಿಟ್ಟಿಲ್ಲ ನಾನು’ ಎಂದು ಬೆನ್ನು ತಟ್ಟಿದ. ಹಲ್ಲು ಕಿರಿದೆ.

ಏಪ್ರಿಲ್ ೨, ಬುಧವಾರ

ಗೊತ್ತಾಯಿತು. ಹೇಗಾಯಿತು ಎಂಬುದು ಇವತ್ತು ಗೊತ್ತಾಯಿತು!

‘ನಿಲ್ಲು’ ಸನ್ನೆಯ ಸರದಿ. ಇನ್ನೂರು ಸಲ ಮುಷ್ಟಿ ಕಟ್ಟಬೇಕು. ನಲವತ್ತಕ್ಕೇ ಭಾವ ಗೊಣಗಲು ಶುರು ಮಾಡಿದ. ನಾನು ಪರದೆ ನೋಡುತ್ತಿದ್ದೆ. ನಾನು ಮುಷ್ಟಿ ಕಟ್ಟುವಾಗ ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳು ಮಡಚುತ್ತೇನೆ, ಕೊನೆಗೆ ಹೆಬ್ಬೆರಳು ಮೇಲೆ ಕೂರುತ್ತದೆ. ಇವನು ತಲೆಕೆಳಗು. ಮೊದಲು ತೋರುಬೆರಳು, ನಡುಬೆರಳನ್ನು ಮಡಚುತ್ತಾನೆ. ಹೆಬ್ಬೆರಳು ಒಳಗೆ ಸಿಕ್ಕಿಕೊಳ್ಳುತ್ತದೆ. ಉಳಿದೆರಡು ಬೆರಳು ಆಮೇಲೆ ಸೋಮಾರಿಗಳಂತೆ ಬರುತ್ತವೆ.

ನನ್ನ ಫೈಲಿನಲ್ಲಿ ಆ ಎರಡು ಬೆರಳು ಮಡಚಿದರೆ ‘ಮುಂದಕ್ಕೆ’. ಅವನು ನಿಲ್ಲಿಸಲು ಮುಷ್ಟಿ ಕಟ್ಟಿದ್ದಾನೆ, ಗ್ಲೌಸು ಅದನ್ನು ‘ಮುಂದಕ್ಕೆ’ ಎಂದು ಓದಿದೆ. ಗಾಬರಿಯಲ್ಲಿ ಮತ್ತೆ ಮತ್ತೆ ಕಟ್ಟಿದ್ದಾನೆ, ಅದು ಮತ್ತೆ ಮತ್ತೆ ನುಗ್ಗಿದೆ. ನನ್ನ ಕೈಯಿಂದ ಹಾಗಾಗಲು ಸಾಧ್ಯವೇ ಇಲ್ಲ. ಆವತ್ತಿನ ಹಳೆ ಗ್ಲೌಸನ್ನು ನನಗೆ ಹಾಕಿಸಿ ನೋಡಿದರೆ ಚಿಕ್ಕ ಮಗುವಿಗೂ ಅರ್ಥವಾಗುತ್ತದೆ.

ಸಂತೋಷ ತಡೆಯಲಾರದೆ ಬೆಸುಗೆ ತಾತನಿಗೆ ಹೇಳಿಬಿಟ್ಟೆ. ವರ್ಕ್‌ಶಾಪಿನ ಮೂಲೆಯಲ್ಲಿ ಮೂವತ್ತು ವರ್ಷದಿಂದ ತಂತಿ ಬೆಸೆಯುತ್ತಿರುವ ಮುದುಕ. ನನ್ನ ಮೇಲೆ ಮೊದಲಿನಿಂದಲೂ ಅಕ್ಕರೆ.

‘ಮತ್ತೆ ಇಲ್ಲೇನು ಮಾಡ್ತಿದ್ದೀಯ? ಹೋಗಿ ಆ ಕನ್ನಡಕದಮ್ಮನಿಗೆ ಹೇಳು. ಹಳೆ ಗ್ಲೌಸು ಅವರ ಹತ್ರಾನೇ ಸೀಲ್ ಮಾಡಿ ಇದೆ. ನಾಳೆನೇ ಹೋಗು ತಾಯಿ.’

‘ಹೋಗ್ತೀನಿ ತಾತ.’

ಆದರೆ ಮನೆಗೆ ನಡೆದು ಬರುವಾಗ ಯೋಚನೆ ಬದಲಾಯಿತು. ಹೋಗಿ ಹೇಳಿದರೆ ಏನಾಗುತ್ತದೆ? ನನ್ನ ಕಾರ್ಡು ವಾಪಸು ಕೊಡುತ್ತಾರೆ. ಭಾವ ‘ಅಯ್ಯೋ, ಗಾಬರೀಲಿ ನೆನಪಾಗಲಿಲ್ಲ ಮೇಡಂ’ ಎಂದು ಮತ್ತೆ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾನೆ. ಅಷ್ಟೇ. ನಾನು ನಿಂತಲ್ಲಿ ಅವನು ನಿಲ್ಲುವುದಿಲ್ಲ. ಮಾಡದ ತಪ್ಪಿಗೆ ತಲೆ ತಗ್ಗಿಸಿ ನಿಲ್ಲುವುದು ಹೇಗಿರುತ್ತದೆಂದು ಅವನಿಗೆ ಗೊತ್ತಾಗುವುದಿಲ್ಲ.

ಬೇಡ. ಕಾರ್ಡು ಎಲ್ಲಿಗೂ ಓಡಿ ಹೋಗುವುದಿಲ್ಲ.

ಏಪ್ರಿಲ್ ೯, ಬುಧವಾರ

ಅವನು ನನಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡುತ್ತೇನೆ. ಅವನ ಫೈಲಿನ ಮೇಲೆ ನಾನು ಹಾರಿಸುತ್ತೇನೆ. ದಾಖಲೆಯಲ್ಲಿ ಅವನ ಹೆಸರು ಬೀಳಬೇಕು.

ಯಾರಿಗೂ ಏಟಾಗಬಾರದು. ನಮ್ಮ ವರ್ಕ್‌ಶಾಪಿನ ಹಿಂದೆ ವಿದ್ಯುತ್ ಕೇಂದ್ರ ಇದೆ. ಅದರ ಬೇಲಿಯೊಳಗೆ ಡ್ರೋನ್ ಹಾರಿಸುವುದು ನಿಷಿದ್ಧ. ದಾಟಿದ ಕೂಡಲೇ ಅಧಿಕಾರಿಗಳಿಗೆ ತಾನಾಗಿಯೇ ಸುದ್ದಿ ಹೋಗುತ್ತದೆ, ಲೈಸೆನ್ಸ್ ಆ ಕ್ಷಣವೇ ಅಮಾನತು. ಮಧ್ಯಾಹ್ನ ಊಟವಾದ ಮೇಲೆ ಅವನು ಕುರ್ಚಿಯಲ್ಲೇ ಅರ್ಧ ಗಂಟೆ ಗೊರಕೆ ಹೊಡೆಯುತ್ತಾನೆ. ಗ್ಲೌಸು ಗೋಡೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ.

ಅಡ್ಡಿ ಒಂದೇ. ಗ್ಲೌಸು ಕೈ ಕೇಳುತ್ತದೆ. ಹಾಗಾದರೆ ಅವನ ಕೈಯನ್ನೇ ಕೊಡೋಣ. ಅವನ ಫೈಲಿನ ನಕಲು ನನ್ನ ಬಳಿ ಇದೆ, ಅಭ್ಯಾಸಕ್ಕೆ ವರ್ಕ್‌ಶಾಪಿನಿಂದ ತಂದ ಇನ್ನೊಂದು ಹೊಸ ಗ್ಲೌಸೂ ಇದೆ. ಸಂಜೆ ರೂಮಿನಲ್ಲಿ ಹಾಕಿಕೊಂಡು ನೋಡಿದೆ. ೩೧ ಬಂತು. ತೊಂಬತ್ತು ಬೇಕು.

ಏಪ್ರಿಲ್ ೨೦, ಭಾನುವಾರ

ಇಡೀ ದಿನ ಅವನನ್ನೇ ನೋಡಿದೆ. ಪೇಪರಿನ ಹಾಳೆ ತಿರುಗಿಸುವಾಗ ಮಣಿಕಟ್ಟು ಒಳಕ್ಕೆ ಹೊರಳುತ್ತದೆ. ಲೋಟ ಹಿಡಿಯುವಾಗ ಕಿರುಬೆರಳು ದೂರ ನಿಂತಿರುತ್ತದೆ. ಮಾತಾಡುವಾಗ ಎದುರಿನವರ ಎದೆಗೆ ಬೆರಳು ಚುಚ್ಚುವ ಹಾಗೆ ತೋರಿಸುತ್ತಾನೆ. ಚಿಟಿಕೆ ಹೊಡೆಯುವುದು ಉಗುರಿನಿಂದಲ್ಲ, ಬೆರಳ ಬುಡದಿಂದ. ಅದಕ್ಕೇ ಅಷ್ಟು ಸದ್ದು. ಪ್ರೀತಿ ಮಾಡಿದವರು ಕೂಡ ಒಬ್ಬ ಗಂಡಸಿನ ಕೈಯನ್ನು ಇಷ್ಟು ನೋಡಿರಲಾರರು, ಥೂ!

ಮುಷ್ಟಿಯೇ ಕಷ್ಟ. ಮೂವತ್ತನಾಲ್ಕು ವರ್ಷ ಕಿರುಬೆರಳಿನಿಂದ ಶುರು ಮಾಡಿದ ಕೈ. ದಿನಕ್ಕೆ ಮುನ್ನೂರು ಸಲ ಕಟ್ಟುತ್ತಿದ್ದೇನೆ. ಅವನ ಮುಖ ನೆನೆಸಿಕೊಂಡು ಸಿಟ್ಟಿನಲ್ಲಿ ಕಟ್ಟಿದರೆ ಬೇಗ ಬರುತ್ತದೆ ಎಂದು ಕಂಡುಕೊಂಡೆ. ಇವತ್ತು ೪೮.

ಆಸ್ಪತ್ರೆಗೆ ಶುಕ್ರವಾರ ಆಗಲಿಲ್ಲ, ಶನಿವಾರ ಹೋದೆ. ಹತ್ತು ನಿಮಿಷ ಇದ್ದೆ.

ಮೇ ೬, ಮಂಗಳವಾರ

೬೭.

ಬೆಸುಗೆ ತಾತ ಮತ್ತೆ ಕೇಳಿದರು: ‘ಕನ್ನಡಕದಮ್ಮನ ಹತ್ರ ಹೋಗಿದ್ಯಾ?’

‘ಹೋಗ್ತೀನಿ ಅಂದ್ನಲ್ಲ.’

‘ಒಂದು ತಿಂಗಳಾಯ್ತು. ಹೂಳಿಟ್ಟ ಸತ್ಯ ಮೊಳಕೆ ಒಡೆಯೋಕೆ ಅದೇನು ಕಾಳಾ?’

‘ತಾತ, ನಿಮ್ಮ ಕೆಲಸ ಬೆಸುಗೆ. ಅದನ್ನ ಮಾಡಿ. ನಾಲ್ಕು ಗಂಟೆಗೆ ಆ ಬೋರ್ಡು ನನ್ನ ಮೇಜಿನ ಮೇಲಿರಬೇಕು’ ಎಂದೆ, ಬೆರಳು ತೋರಿಸಿ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಎಂದಿನ ಹಾಗೆ ಏನಾದರೂ ತಮಾಷೆ ಮಾಡುತ್ತಾರೆಂದುಕೊಂಡೆ, ಮಾಡಲಿಲ್ಲ. ಮೂರೂವರೆಗೇ ಬೋರ್ಡು ಬಂತು. ಮುದುಕರಿಗೂ ಒಂದೊಂದು ಸಲ ಸ್ವಲ್ಪ ಬಿಗಿ ಬೇಕು. ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ.

ಮೇ ೧೯, ಸೋಮವಾರ

೭೯. ಹೆಬ್ಬೆರಳು ತಾನಾಗಿಯೇ ಒಳಗೆ ಹೋಗುತ್ತಿದೆ. ಬಣ್ಣದವನ ಹೆಂಡತಿ ಫೋನು ಮಾಡಿದ್ದಳು, ಮನೆಗೆ ಕಳಿಸಿದ್ದಾರಂತೆ, ಊರುಗೋಲಿನಲ್ಲಿ ನಾಲ್ಕು ಹೆಜ್ಜೆ ಹಾಕುತ್ತಾನಂತೆ. ‘ನಿಮ್ಮನ್ನ ಕೇಳ್ತಿದ್ರು, ಮೂರು ವಾರ ಆಯ್ತಲ್ಲ’ ಅಂದಳು. ಕೆಲಸ ಇದೆ ಎಂದೆ. ನಿಜವಾಗಿಯೂ ಇದೆ. ನಾನು ಮಾಡುತ್ತಿರುವುದೆಲ್ಲ ಅವನಿಗಾಗಿ ಅಲ್ಲವೇ?

ಮೇ ೨೮, ಬುಧವಾರ

೮೬ಕ್ಕೆ ಬಂದು ಐದು ದಿನದಿಂದ ನಿಂತಿದೆ. ತಲೆ ಕೆಟ್ಟು ಹೋಗಿದೆ.

ರಾತ್ರಿ ಊಟಕ್ಕೆ ಭಾವ ಇರಲಿಲ್ಲ, ಊರಿಗೆ ಹೋಗಿದ್ದ. ನಾನು, ಅಕ್ಕ ಇಬ್ಬರೇ. ನನ್ನ ಯೋಚನೆ ಎಲ್ಲೋ ಇತ್ತು. ಅಕ್ಕ ತಟ್ಟನೆ ಎದ್ದು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಬಡಿಸಿ, ಪಾತ್ರೆ ಕೈಯಲ್ಲೇ ಹಿಡಿದುಕೊಂಡು ನನ್ನ ಬೆರಳನ್ನೇ ನೋಡುತ್ತ ನಿಂತಳು. ನನ್ನ ಬೆರಳ ಗೆಣ್ಣು ಮೇಜಿನ ಮೇಲಿತ್ತು.

‘ಏನೇ?’ ಎಂದೆ.

‘ಏನಿಲ್ಲ’ ಅಂದಳು. ಆಮೇಲೆ ಅವಳು ಊಟ ಮಾಡಲಿಲ್ಲ. ಬಡಿಸು ಎಂದು ನಾನು ಕೇಳಿರಲೂ ಇಲ್ಲ. ಹೇಗೂ ಬಡಿಸಿದ್ದಳು, ತಿಂದು ಎದ್ದೆ.

ಜೂನ್ ೧೧, ಬುಧವಾರ

೯೨!

ಮೂರು ಸಲ ನೋಡಿದೆ. ೯೨, ೯೧, ೯೩. ಗ್ಲೌಸು ಹಸಿರು ದೀಪ ಹಾಕಿ ಅವನ ಹೆಸರು ತೋರಿಸಿತು. ‘ಸ್ವಾಗತ’ ಎಂದಿತು. ಹಾಸಿಗೆಯ ಮೇಲೆ ಬಿದ್ದು ದಿಂಬು ಕಚ್ಚಿಕೊಂಡು ನಕ್ಕೆ. ಸೇರಿಗೆ ಸವ್ವಾಸೇರು ಎಂದರೆ ಇದು.

ಜೂನ್ ೧೭, ಮಂಗಳವಾರ

ಮುಗಿಸಿದೆ.

ಮಧ್ಯಾಹ್ನ ಒಂದೂ ಮುಕ್ಕಾಲು. ಅವನ ಗೊರಕೆ ಎರಡನೇ ಸುತ್ತಿಗೆ ಬಂದಿತ್ತು. ತಾತ ಊಟದ ಡಬ್ಬಿ ತೊಳೆಯಲು ಹೋಗಿದ್ದರು. ಮೊಳೆಯಿಂದ ಗ್ಲೌಸು ತೆಗೆದು ಹಿತ್ತಲ ಬಾಗಿಲಿಗೆ ಹೋಗಿ ಹಾಕಿಕೊಂಡೆ. ಒಳಗೆ ಅವನ ಬೆವರಿನ ತೇವ ಇತ್ತು, ಅಸಹ್ಯವಾಯಿತು. ಐದು ಸನ್ನೆ ತೋರಿಸಿದೆ. ೯೪. ಅಂಗೈ ಎತ್ತಿದೆ, ಡ್ರೋನ್ ಎದ್ದಿತು. ಎರಡು ಬೆರಳು ಮಡಚಿದೆ. ಬೇಲಿ ದಾಟಿ ಹತ್ತು ಎಣಿಸುವವರೆಗೆ ಒಳಗೇ ಇಟ್ಟೆ. ಮುಷ್ಟಿ ಕಟ್ಟಿದೆ, ಗಾಳಿಯಲ್ಲಿ ಗಪ್ಪನೆ ನಿಂತಿತು. ವಾಪಸು ತಂದು ಇಳಿಸಿ, ಗ್ಲೌಸು ಮೊಳೆಗೆ ಹಾಕಿ, ಪ್ರೊಪೆಲ್ಲರ್ ಒರೆಸುತ್ತ ಕೂತೆ. ಒಟ್ಟು ಆರು ನಿಮಿಷ.

ಅವನ ಫೋನು ಹೊಡೆದುಕೊಂಡಿತು. ಎಚ್ಚರಾಗಿ, ಬಾಯಿ ಒರೆಸಿಕೊಂಡು, ‘ಹಲೋ? ಏನು? ಯಾರು? ನಾನಾ?’ ಅಂದ. ಆ ‘ನಾನಾ?’ ಇದೆಯಲ್ಲ, ಅದನ್ನು ಕೇಳಲು ಮೂರೂವರೆ ತಿಂಗಳು ಕಾದಿದ್ದೆ. ಜೇನು ಕುಡಿದ ಹಾಗಾಯಿತು.

ಜೂನ್ ೨೪, ಮಂಗಳವಾರ

ಅಧಿಕಾರಿಯಮ್ಮ ಇವತ್ತು ವರ್ಕ್‌ಶಾಪಿಗೇ ಬಂದರು. ತಾತ ಇಟ್ಟ ಹೆಸರು ಸರಿಯಾಗಿದೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡೇ ಮಾತಾಡುತ್ತಾರೆ.

‘ನನ್ನ ಕೈ ಅಲ್ಲ ಮೇಡಂ! ನಾನು ಮಲಗಿದ್ದೆ!’ ಎಂದು ಭಾವ ಗಂಟಲು ಹರಿದುಕೊಂಡ.

‘ಗ್ಲೌಸು ಕೈ ಕೇಳಿದೆ, ನಿಮ್ಮ ಕೈ ಅಂತಲೇ ಉತ್ತರ ಸಿಕ್ಕಿದೆ. ದಾಖಲೆ ಇದೆ.’

‘ದಾಖಲೆ ಏನು ಮಹಾ! ಫೈಲು ಒಬ್ಬರದಿದ್ರೆ ಕೈ ಇನ್ನೊಬ್ಬರದು ಇರಬಹುದಲ್ಲ? ನಾನೇ ಎಷ್ಟೋ ಸಲ ಇವಳ ಫೈಲಲ್ಲಿ...’ ಎಂದವನು ನಾಲಿಗೆ ಕಚ್ಚಿಕೊಂಡ.

‘ಇವರ ಫೈಲಲ್ಲಿ ಏನು?’ ಎಂದು ಅಧಿಕಾರಿಯಮ್ಮ ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ! ನಾನು ಎದ್ದು ನಿಂತೆ. ಕಿರುಬೆರಳಿನಿಂದ ಕಟ್ಟುವ ನನ್ನ ಮುಷ್ಟಿ, ತೋರುಬೆರಳಿನಿಂದ ಕಟ್ಟುವ ಅವನ ಮುಷ್ಟಿ, ನನ್ನ ಫೈಲು ಅದನ್ನು ಹೇಗೆ ಓದುತ್ತದೆ, ಎಲ್ಲವನ್ನೂ ಹೇಳಿದೆ. ಕಣ್ಣೀರು ತಾನಾಗಿಯೇ ಬಂತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

‘ಇದನ್ನ ಮೊದಲೇ ಯಾಕೆ ಹೇಳಲಿಲ್ಲ?’ ಎಂದರು. ಮೂಲೆಯಲ್ಲಿ ತಾತ ಬೆಸುಗೆ ಕಡ್ಡಿ ಕೆಳಗಿಟ್ಟರು.

ಜುಲೈ ಮೂರಕ್ಕೆ ಪರೀಕ್ಷೆ. ಸೀಲ್ ಮಾಡಿಟ್ಟ ಹಳೆ ಗ್ಲೌಸು ತರುತ್ತಾರೆ. ಅದಕ್ಕೆ ಕೈ ಕೇಳುವ ಹೊಸ ವ್ಯವಸ್ಥೆ ಇಲ್ಲ, ನನ್ನ ಫೈಲು ಹಾಗೇ ಇದೆ. ಚಿಮಣಿಯ ಬದಲು ಥರ್ಮೊಕೋಲ್ ಹಲಗೆ ನಿಲ್ಲಿಸುತ್ತಾರೆ. ಮುಷ್ಟಿ ಕಟ್ಟಿದಾಗ ಡ್ರೋನ್ ನಿಂತರೆ, ಆ ಅಪಘಾತ ನನ್ನ ಕೈಯದಲ್ಲ ಎಂದು ಬರೆದುಕೊಡುತ್ತಾರೆ. ಬಣ್ಣದವನನ್ನೂ ಕರೆಸುತ್ತಾರೆ. ಅವನ ಕಣ್ಣೆದುರೇ ಆಗಲಿ.

ಎರಡೂ ಕೈಗೆ ಲಾಡು ಎಂದರೆ ಇದೇ. ಅವನೂ ಹಾಳಾದ, ನಾನೂ ಗೆದ್ದೆ.

ಜುಲೈ ೨, ಬುಧವಾರ

ಅಕ್ಕ ಮೇಲೆ ಬಂದಳು. ‘ನಾಳೆಗೆ ಮುಗಿಯುತ್ತಾ ಇದೆಲ್ಲ?’

‘ನನ್ನದು ಮುಗಿಯುತ್ತೆ. ನಿನ್ನ ಗಂಡಂದು ಶುರುವಾಗುತ್ತೆ.’

‘ಆವತ್ತು ಬೇಲಿ ದಾಟಿಸಿದ್ದು ನೀನಾ?’

‘ನನಗೆ ಏನನ್ನೂ ಗೊತ್ತು ಮಾಡ್ಬೇಡ ಅಂದಿದ್ದೆಯಲ್ಲ. ಹೋಗು, ಚಹಾ ತಗೊಂಡು ಬಾ’ ಎಂದೆ. ಚಿಟಿಕೆ ಹೊಡೆದೆನೋ ಏನೋ, ಅವಳು ಬೆಚ್ಚಿದಳು. ಚಹಾ ಬಂತು, ಅಕ್ಕ ಬರಲಿಲ್ಲ. ಮೆಟ್ಟಿಲ ಮೇಲಿಟ್ಟು ಹೋಗಿದ್ದಳು.

ಜುಲೈ ೩, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಿತ್ತಲ ಬಯಲಿನಲ್ಲಿ ಹಲಗೆ ನಿಲ್ಲಿಸಿದ್ದರು. ಅಧಿಕಾರಿಯಮ್ಮ, ಅವರ ಗುಮಾಸ್ತ, ತಾತ, ಅಕ್ಕ, ಭಾವ ಎಲ್ಲ ಇದ್ದರು. ಬಣ್ಣದವನು ಊರುಗೋಲು ಊರಿಕೊಂಡು ಹೆಂಡತಿಯ ಜೊತೆ ಬಂದಿದ್ದ. ನನ್ನನ್ನು ನೋಡಿ ಕೈ ಬೀಸಿದ. ಸೀಲ್ ಒಡೆದು ಹಳೆ ಗ್ಲೌಸು ಕೊಟ್ಟರು. ಹಾಕಿಕೊಂಡೆ. ಒಂಬತ್ತು ವರ್ಷ ಹಾಕಿದ ನನ್ನ ಗ್ಲೌಸು.

ಡ್ರೋನ್ ಎತ್ತಿದೆ, ಚೆನ್ನಾಗಿಯೇ ಎದ್ದಿತು. ಹಲಗೆಯ ಕಡೆಗೆ ಬಿಟ್ಟೆ. ಆರು ಅಡಿ ಇದ್ದಾಗ ‘ಈಗ ನಿಲ್ಲಿಸಿ’ ಎಂದರು ಅಧಿಕಾರಿಯಮ್ಮ. ಭಾವನ ಮುಖ ನೋಡಿದೆ. ಅವನ ಬಣ್ಣ ಇಳಿದಿತ್ತು. ನೋಡುತ್ತಲೇ ಮುಷ್ಟಿ ಕಟ್ಟಿದೆ.

ಡ್ರೋನ್ ನಿಲ್ಲಲಿಲ್ಲ. ಮುಂದೆ ನುಗ್ಗಿತು. ಇನ್ನೂ ಬಿಗಿಯಾಗಿ ಕಟ್ಟಿದೆ, ಇನ್ನೂ ಜೋರಾಗಿ ನುಗ್ಗಿ ಹಲಗೆಯನ್ನು ಸೀಳಿಕೊಂಡು ಆಚೆ ಹೋಗಿ ಬಿತ್ತು. ಥರ್ಮೊಕೋಲಿನ ಬಿಳಿ ಚೂರು ಎಲ್ಲರ ಮೈಮೇಲೂ ಉದುರಿತು.

‘ಇನ್ನೊಂದು ಸಲ’ ಎಂದೆ. ಕೊಟ್ಟರು. ಹಲಗೆ ಬದಲಾಯಿಸಿದರು. ಅದೇ ಆಯಿತು. ಕೆಳಗೆ ನೋಡಿದೆ. ಹೆಬ್ಬೆರಳು ಒಳಗಿತ್ತು. ತೋರುಬೆರಳು, ನಡುಬೆರಳು ಅದರ ಮೇಲೆ ಬಿಗಿದಿದ್ದವು.

ಭಾವನೇ ನಿಧಾನವಾಗಿ, ‘ಮೇಡಂ, ಒಂದ್ಸಲ ನನ್ನ ಗ್ಲೌಸನ್ನ ಅವಳಿಗೆ ಹಾಕಿಸಿ’ ಅಂದ. ಹಾಕಿಸಿದರು. ಐದು ಸನ್ನೆ ಕೇಳಿತು. ಬೇಕೆಂದೇ ತಪ್ಪಾಗಿ ಮಾಡಬೇಕೆಂದುಕೊಂಡೆ, ಬೇರೆ ಥರ ಮಾಡುವುದು ಹೇಗೆಂದು ಕೈಗೆ ಹೊಳೆಯಲೇ ಇಲ್ಲ. ಪರದೆಯ ಮೇಲೆ ೯೬ ಬಂತು. ಹಸಿರು ದೀಪ, ಅವನ ಹೆಸರು, ‘ಸ್ವಾಗತ’. ಮುಷ್ಟಿ ಕಟ್ಟಿದೆ. ಡ್ರೋನ್ ಹಲಗೆಯಿಂದ ಆರು ಅಡಿ ದೂರದಲ್ಲಿ ಅಲುಗದೆ ನಿಂತಿತು.

ಅಧಿಕಾರಿಯಮ್ಮ ಎರಡು ಕಾಗದ ಬರೆದರು. ಅಪಘಾತ ನನ್ನ ಕೈಯಿಂದಲೇ. ಬೇಲಿ ದಾಟಿಸಿದ್ದೂ ನನ್ನ ಕೈಯೇ. ಲೈಸೆನ್ಸ್ ಇನ್ನು ಯಾವತ್ತೂ ಇಲ್ಲ. ‘ಏಪ್ರಿಲಲ್ಲಿ ಬಂದಿದ್ರೆ...’ ಎಂದು ಶುರು ಮಾಡಿದ ತಾತ ಒಳಗೆ ಹೋದರು.

ಬಣ್ಣದವನು ಹತ್ತಿರ ಬಂದ. ‘ಕೈ ತಪ್ಪಿದ್ದಕ್ಕೆ ನನಗೆ ಬೇಜಾರಿರಲಿಲ್ಲ ಮೇಡಂ. ನಿಮ್ಮ ಕೈ ಅಲ್ಲ ಅಂತ ಇವರಿಗೆಲ್ಲ ಸುಳ್ಳು ಹೇಳಿದ್ರಲ್ಲ, ಅದಕ್ಕೆ ಬೇಜಾರು’ ಎಂದು ತಲೆಯ ಮೇಲಿನ ಬಿಳಿ ಚೂರು ಕೊಡವಿಕೊಂಡು ಹೋದ. ಹಿಂದೆ ಓಡಿದೆ. ಏನು ಹೇಳಲಿ? ಹೇಳುವುದಕ್ಕಿದ್ದ ಸತ್ಯವನ್ನು ಈಗಷ್ಟೇ ನಾನೇ ಸುಳ್ಳು ಮಾಡಿದ್ದೆ.

ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಕಾಲ ಬಳಿ ಕುಸಿದೆ. ‘ಅಕ್ಕಾ, ಅದು ನನ್ನ ಕೈ ಅಲ್ಲ ಕಣೇ. ಚಿಮಣಿ ಹತ್ರ ನಾನಲ್ಲ. ನಿನಗಾದ್ರೂ ಗೊತ್ತಲ್ಲ?’

‘ಗೊತ್ತು’ ಅಂದಳು. ‘ಆವತ್ತೇ ಗೊತ್ತಿತ್ತು. ಹೇಳದೆ ಇದ್ದಿದ್ದು ನನ್ನ ತಪ್ಪು. ಅದನ್ನ ನಾನು ಸಾಯೋವರೆಗೂ ಹೊರ್ತೀನಿ.’ ನನ್ನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಟ್ಟ ಕೂಡಲೇ ಅವು ಮತ್ತೆ ಮಡಚಿಕೊಂಡವು. ‘ಆದ್ರೆ ಈ ಕೈ ಜೊತೆ ನಾನು ಹದಿನಾರು ವರ್ಷ ಬಾಳಿದ್ದೀನಿ. ಒಂದನ್ನ ಸಹಿಸ್ಕೊಂಡೆ. ಇನ್ನೊಂದನ್ನ ಆಗಲ್ಲ. ಮೇಲಿನ ರೂಮು ಖಾಲಿ ಮಾಡು ಪುಟ್ಟೀ.’

ಜುಲೈ ೪, ಶುಕ್ರವಾರ

ಬಸ್ ನಿಲ್ದಾಣದ ಎದುರಿನ ಲಾಡ್ಜು. ಬೆಳಿಗ್ಗೆಯಿಂದ ಮಂಚದ ಮೇಲೆ ಕೂತು ಮುಷ್ಟಿ ಕಟ್ಟುತ್ತಿದ್ದೇನೆ. ಕಿರುಬೆರಳು ಮೊದಲು, ಆಮೇಲೆ ಅದರ ಪಕ್ಕದ್ದು, ಆಮೇಲೆ ಉಳಿದವು, ಕೊನೆಗೆ ಹೆಬ್ಬೆರಳು ಮೇಲೆ. ನಿಧಾನವಾಗಿ, ಬೆರಳು ನೋಡಿಕೊಂಡು ಕಟ್ಟಿದರೆ ನನ್ನದೇ ಬರುತ್ತದೆ. ಸಿಟ್ಟು ಬಂದರೆ ಅವನದು ಬರುತ್ತದೆ.

ಸಿಟ್ಟು ಇನ್ನೂ ಇಳಿದಿಲ್ಲ.